ಡಚಿ, ಸಂಸ್ಥಾನ, ಜಹಗೀರು: ಚೆಶಿನ್ ಸೀಮೆಗೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಪೋಲೆಂಡ್ ಮತ್ತು ಚೆಕ್ ದೇಶಗಳ ನಡುವೆ ಹೋಳಾಗಿರುವ ಚೆಶಿನ್ ಊರಿನ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳನ್ನು ಕನ್ನಡಕ್ಕೆ ಹೇಗೆ ತರುವುದು ಎಂಬುದು ಕಾಡುತ್ತಿದೆ.

ಮೊದಲನೆಯದು ‘ಡಚಿ’, ಅಂದರೆ ಡ್ಯೂಕನ ಸೀಮೆ. ಹಾಗೇ ಬರೆದರೆ ಡಚ್ಚರ ನೆನಪಾಗುತ್ತದೆ, ಅಲ್ವಾ? ‘ರಾಜ್ಯ’ ಅಂದರೆ ಜಾಸ್ತಿಯಾಯಿತು. ಚೆಶಿನ್ ಆಳುತ್ತಿದ್ದ ಪ್ಯಾಸ್ಟ್ ಮನೆತನದವರು 1327ರಲ್ಲೇ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಅರಸನಿಗೆ ಅಧೀನರಾಗಿದ್ದರು. ಊರಾಳ್ವಿಕೆ ಇವರದು, ಮೇಲೊಬ್ಬ ದೊರೆ. ‘ಪಾಳೆಯಪಟ್ಟು’ ಅರ್ಥಕ್ಕೆ ಹತ್ತಿರ, ಆದರೆ ಓದುವವರ ಕಣ್ಣಿಗೆ ಚಿತ್ರದುರ್ಗ ಬಂದುಬಿಡುತ್ತದೆ. ಪೋಲಿಷ್‌ನಲ್ಲಿ ಡ್ಯೂಕ್, ಪ್ರಿನ್ಸ್ ಇಬ್ಬರಿಗೂ ಒಂದೇ ಪದವಂತೆ. ಹಾಗಿದ್ದಮೇಲೆ ‘ಡಚಿ’ಗೆ ನಾವು ಜೋತುಬೀಳಬೇಕಿಲ್ಲ. ನನ್ನ ಓಟು ‘ಸಂಸ್ಥಾನ’ಕ್ಕೆ.

ಇದು 1653ರವರೆಗೆ ಸರಿ. ಆ ವರ್ಷ ಮನೆತನದ ಕೊನೆಯ ಒಡತಿ ಎಲಿಜಬೆತ್ ಲುಕ್ರೇಶಿಯಾ ತೀರಿಕೊಂಡರು. ಸೀಮೆ ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಪಾಲಾಯಿತು. 1766ರಲ್ಲಿ ಆ ಮನೆತನದ ರಾಣಿ ಮಾರಿಯಾ ತೆರೇಸಾ ಅದನ್ನು ಅಳಿಯ ಆಲ್ಬರ್ಟ್‌ಗೆ ಕೊಟ್ಟಳು. ವಿಯೆನ್ನಾದ ಆಲ್ಬರ್ಟಿನಾ ಚಿತ್ರಸಂಗ್ರಹ ಇದೇ ಆಲ್ಬರ್ಟ್‌ನದು. ಅಳಿಯನಿಗೆ ಬಿಟ್ಟುಕೊಟ್ಟ ಸೀಮೆಯನ್ನು ಸಂಸ್ಥಾನ ಅನ್ನೋಣವೋ, ‘ಜಹಗೀರು’ ಅನ್ನೋಣವೋ? ಒಂದೇ ಬರಹದಲ್ಲಿ ಎರಡನ್ನೂ ಬಳಸಿದರೆ ಓದುಗರಿಗೆ ಗೊಂದಲವಾಗುತ್ತದಾ? ಅಂದಹಾಗೆ, ‘ಮಾಜಿ ಸಂಸ್ಥಾನ’ ಬೇಡ. ಮಾಜಿ ಶಾಸಕರ ಸಾಲಿಗೆ ಸೇರಿಸಿದಂತಾಗುತ್ತದೆ. ‘ಹಿಂದಿನ’ ಸಾಕು.

ಎರಡನೆಯದು ‘ಜಾಓಲ್ಜೆ’, ಇನ್ನೂ ತೊಡಕು. 1918ರಲ್ಲಿ ಹ್ಯಾಬ್ಸ್‌ಬರ್ಗರ ಸಾಮ್ರಾಜ್ಯ ಮುರಿಯಿತು. ಮರುವರ್ಷ ಜನವರಿಯಲ್ಲಿ ಇದೇ ಸೀಮೆಗಾಗಿ ಪೋಲೆಂಡ್, ಚೆಕೊಸ್ಲೊವಾಕಿಯಾ ಎಂಬ ಎರಡು ಹೊಸ ದೇಶಗಳು ಏಳು ದಿನ ಕಾದಾಡಿದವು. 1920ರ ಜುಲೈ 28ರಂದು ಮೊದಲ ಮಹಾಯುದ್ಧ ಗೆದ್ದ ದೇಶಗಳ ರಾಯಭಾರಿಗಳು ಓಲ್ಜಾ ಹೊಳೆಯನ್ನೇ ಗಡಿ ಮಾಡಿ ಊರನ್ನು ಸೀಳಿದರು. ಕೋಟೆ, ಹಳೇ ಪೇಟೆ ಪೋಲೆಂಡಿಗೆ. ರೈಲು ನಿಲ್ದಾಣ ಚೆಕೊಸ್ಲೊವಾಕಿಯಾಕ್ಕೆ. ರೈಲ್ವೆ ಲೈನ್ ಬಿಟ್ಟುಕೊಡಲು ಚೆಕ್ಕರು ತಯಾರಿರಲಿಲ್ಲ, ಜಗಳದ ಬೇರು ಅಲ್ಲೂ ಇತ್ತು. ಚೆಕ್ ಪಾಲಿಗೆ ಹೋದ, ಪೋಲಿಷ್ ಮಾತಾಡುವವರು ತುಂಬಾ ಇದ್ದ ಭಾಗವನ್ನು ಪೋಲರು ‘ಜಾಓಲ್ಜೆ’ ಅನ್ನುತ್ತಾರೆ. ಬಿಡಿಸಿದರೆ ‘ಓಲ್ಜಾದ ಆಚೆ’. ಆಚೆ ಅನ್ನಬೇಕಾದರೆ ನೀವು ಪೋಲೆಂಡಿನ ದಡದಲ್ಲಿ ನಿಂತಿರಬೇಕು!

1938ರ ಅಕ್ಟೋಬರಿನಲ್ಲಿ ಪೋಲೆಂಡ್ ಅದನ್ನು ವಶಪಡಿಸಿಕೊಂಡಿತು, ಮರುವರ್ಷ ಜರ್ಮನಿ ನುಂಗಿತು, 1945ರಲ್ಲಿ ಮತ್ತೆ ಹೊಳೆಯೇ ಗಡಿಯಾಯಿತು. 2007ರ ಡಿಸೆಂಬರಿನಿಂದ ಸೇತುವೆ ಮೇಲೆ ಪಾಸ್‌ಪೋರ್ಟ್ ಕೇಳುವವರಿಲ್ಲ. ಆದರೂ ಹೆಸರು ಹಾಗೇ ಇದೆ.

‘ಹೊಳೆಯಾಚೆಯ ಸೀಮೆ’ ಅಂತ ಬರೆದರೆ ಕನ್ನಡಕ್ಕೆ ಚೆನ್ನಾಗಿ ಕೂರುತ್ತದೆ, ಆದರೆ ಒಂದು ಪಕ್ಷ ಹಿಡಿದಂತೆ. ‘ಹೊಳೆಯ ಪಡುವಣ ದಡ’ ಅಂದರೆ ಯಾರ ಪಕ್ಷವೂ ಅಲ್ಲ, ಆದರೆ ಜಗಳದ ವಾಸನೆಯೇ ಇಲ್ಲ. ಸದ್ಯಕ್ಕೆ ‘ಜಾಓಲ್ಜೆ’ಯನ್ನೇ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲು ವಿವರಣೆ ಕೊಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.