ನಾನು ಟಿಕ್ ಮಾಡದ ವಿಮೆಗೆ ದುಡ್ಡು ಹೇಗೆ ಹೋಯ್ತು?

ಪ್ರಶ್ನೆ: ಸರ್, ಅಪ್ಪನಿಗೆ ಒಂದು ಆ್ಯಪ್‌ನಲ್ಲಿ ಬಸ್ ಟಿಕೆಟ್ ಬುಕ್ ಮಾಡಿದೆ. ದುಡ್ಡು ಕಟ್ಟಿದ ಮೇಲೆ ನೋಡಿದರೆ ಪ್ರಯಾಣ ವಿಮೆ, ದೇಣಿಗೆ ಎರಡೂ ಸೇರಿಕೊಂಡಿವೆ. ನಾನು ಯಾವುದನ್ನೂ ಒತ್ತಿಲ್ಲ. ನೀವು ಆ್ಯಪ್ ಡಿಸೈನ್ ಮಾಡುವವರು. ಇದು ಸುಮ್ನೆ ಆಗಿದ್ದಾ, ಬೇಕಂತಲೇ ಮಾಡಿದ್ದಾ?

ಉತ್ತರ: ಬೇಕಂತಲೇ, ಮೇಡಂ. ಟಿಕ್ ಮೊದಲೇ ಹಾಕಿಟ್ಟಿರುತ್ತಾರೆ. ಟಿಕೆಟ್ ಮಾಡುವಾಗ ನಮ್ಮ ಕಣ್ಣೆಲ್ಲ ಸೀಟು, ಸಮಯ, ಹತ್ತುವ ಜಾಗದ ಮೇಲೆ ಅಲ್ವಾ? ಕೆಳಗೆ ಸಣ್ಣಕ್ಷರದಲ್ಲಿ ಇರುವುದನ್ನು ಹುಡುಕಿ ತೆಗೆಯುವ ಕೆಲಸವನ್ನು ನಿಮ್ಮ ತಲೆಗೆ ಕಟ್ಟಿರುತ್ತಾರೆ.

ಮೊದಲೇ ಇದ್ದದ್ದನ್ನು ಜನ ಹಾಗೇ ಬಿಡುತ್ತಾರೆ. ಎಷ್ಟರ ಮಟ್ಟಿಗೆ ಅಂದರೆ, ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಅನ್ನುವ ಸಂಶೋಧಕರು 2003ರಲ್ಲಿ ಯುರೋಪಿನ ಅಂಗದಾನದ ಒಪ್ಪಿಗೆಯನ್ನು ಹೋಲಿಸಿ ನೋಡಿದರು. ಜರ್ಮನಿಯಲ್ಲಿ ಶೇ. 12, ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98! ಆಸ್ಟ್ರಿಯಾದವರು ಅಷ್ಟೊಂದು ಧರ್ಮಾತ್ಮರು ಅಂತಲ್ಲ. ಜರ್ಮನಿಯಲ್ಲಿ ‘ಕೊಡ್ತೀನಿ’ ಅಂತ ಮುಂದೆ ಬಂದು ಹೇಳಬೇಕಿತ್ತು, ಆಸ್ಟ್ರಿಯಾದಲ್ಲಿ ‘ಕೊಡಲ್ಲ’ ಅಂತ ಹೇಳಬೇಕಿತ್ತು. (ಇದು ಒಪ್ಪಿಗೆಯ ಲೆಕ್ಕ ಮಾತ್ರ. ನಿಜವಾಗಿ ನಡೆದ ದಾನದ ಲೆಕ್ಕ ಬೇರೆ. ಎರಡನ್ನೂ ಬೆರೆಸಿ ಹೇಳುವವರು ಬಹಳ ಇದ್ದಾರೆ.)

ಪ್ರಶ್ನೆ: ಇನ್ನೊಮ್ಮೆ ಬುಕ್ ಮಾಡುವಾಗ ಟಿಕ್ ತೆಗೆದೆ. ‘ಬೇಡ, ಅಪಾಯ ಆದರೂ ಪರವಾಗಿಲ್ಲ’ ಅನ್ನುವುದನ್ನು ಒತ್ತಬೇಕಂತೆ! ಅಪ್ಪನ ಹೆಸರಿನ ಟಿಕೆಟ್ ನೋಡಿ, ಕೈ ಬರಲಿಲ್ಲ.

ಉತ್ತರ: ಆ ಸಾಲು ಬರೆದಿರುವುದೇ ಕೈ ಬರಬಾರದು ಅಂತ. ವಿಮೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಯೋಚನೆ ಅಲ್ಲಿಗೇ ನಿಂತು, ‘ನಾನು ಎಂಥ ಮಗಳು’ ಅನ್ನುವುದು ಶುರುವಾಗುತ್ತೆ. ನಮ್ಮಲ್ಲಿ ಇದಕ್ಕೆ ನಿಯಮ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಡಿಸೈನ್ ತಂತ್ರಗಳ ಪಟ್ಟಿಯಿದೆ. ಕೇಳದೆ ಬಿಲ್ಲಿಗೆ ಸೇರಿಸುವುದು ಅದರಲ್ಲಿ ಒಂದು, ಹೀಗೆ ನಾಚಿಕೆಪಡಿಸಿ ಒಪ್ಪಿಸುವುದು ಇನ್ನೊಂದು. ಅದರಲ್ಲಿ ಕೊಟ್ಟಿರುವ ಉದಾಹರಣೆಯೂ ವಿಮಾನದ ಟಿಕೆಟ್ ವಿಮೆಯದ್ದೇ.

ಇನ್ನೊಬ್ಬರು: ಹಾಗಾದರೆ ಯಾವ ಕಡೆಗೂ ವಾಲದ ಡಿಸೈನ್ ಅಂತ ಇದೆಯಾ ಸರ್?

ಉತ್ತರ: ಇಲ್ಲ ಅಂತಲೇ ನನ್ನ ಅಭಿಪ್ರಾಯ. ಯಾವುದಾದರೂ ಒಂದು ಮೇಲೆ ಬರಲೇಬೇಕು, ಒಂದು ಬಟನ್ ದೊಡ್ಡದಿರಲೇಬೇಕು. ನಾನು ನೋಡುವುದು ಒಂದೇ: ಸೇರಲು ಒಂದು ಸಲ ಒತ್ತಿದರೆ ಸಾಕು ಅಂದಮೇಲೆ, ಬಿಡಲೂ ಅಷ್ಟೇ ಸಾಕಾ? ಚಂದಾ ಕಟ್ಟುವಾಗ ಒಂದು ಬಟನ್, ನಿಲ್ಲಿಸುವಾಗ ಐದು ಪುಟ, ಕೊನೆಗೆ ಒಂದು ಫೋನ್ ನಂಬರ್ ಇದ್ದರೆ ಅಲ್ಲಿ ಮೋಸವಿದೆ.

ಮೇಡಂ, ಬಿಲ್ ಮತ್ತು ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಮೊತ್ತ ಸಣ್ಣದು ಅಂತ ಬಿಡಬೇಡಿ.