ದೂರದ ತಂಡ ಸೋತ ರಾತ್ರಿ ನೀವೇನು ಮಾಡುತ್ತೀರಿ?

ದಾವಣಗೆರೆಯಿಂದ, ಪ್ರಶ್ನೆ: ಐದು ವರ್ಷದಿಂದ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿ ನಾನು. ಚಳಿಗಾಲದಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಮ್ಯಾಚ್ ನಮಗೆ ರಾತ್ರಿ 1.30ಕ್ಕೆ ಶುರು, ಮುಗಿಯುವಾಗ ಮೂರೂವರೆ. ಸೋತರೆ ನಿದ್ದೆ ಹತ್ತುವುದಿಲ್ಲ. ಮರುದಿನ ಅಂಗಡಿಯಲ್ಲಿ ಕೂತರೂ ಅದೇ ಯೋಚನೆ. "ಆ ಊರನ್ನ ಒಂದ್ಸಲನೂ ನೋಡಿಲ್ಲ, ನಿನಗ್ಯಾಕೆ ಇಷ್ಟು ಸಂಕಟ?" ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಬಹಳ ವರ್ಷದಿಂದ ದೂರದ ತಂಡವನ್ನು ಹಚ್ಚಿಕೊಂಡವರು ಹೇಗೆ ನಿಭಾಯಿಸುತ್ತೀರಿ?

ಮಂಗಳೂರಿನಿಂದ: ಮೊದಲು ನಿದ್ದೆಯ ವಿಷಯ. ಎಲ್ಲ ಮ್ಯಾಚನ್ನೂ ಲೈವ್ ನೋಡಲೇಬೇಕು ಅನ್ನೋ ಹಟ ಬಿಡಿ. ಶನಿವಾರ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಗುವ ಮ್ಯಾಚ್ ನಮಗೆ ಸಂಜೆ 5 ಗಂಟೆಗೆ ಸಿಗುತ್ತದೆ, ಅಲ್ಲಿ ಗಡಿಯಾರ ಹಿಂದೆ ಹಾಕಿದ ಮೇಲೆ 6ಕ್ಕೆ. ಅದನ್ನು ಬಿಡಬೇಡಿ. ನಡುರಾತ್ರಿಯ ಲೀಗ್ ಹಂತದ ಮ್ಯಾಚ್ ಆದರೆ ನಾನು ಫೋನ್ ಬೇರೆ ಕೋಣೆಯಲ್ಲಿಟ್ಟು ಮಲಗುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು, ಸ್ಕೋರ್ ನೋಡದೆ, ಪೂರ್ತಿ ಮ್ಯಾಚ್ ಹಾಕಿಕೊಂಡು ಕೂರುತ್ತೇನೆ. ಗುಂಪಿನಲ್ಲಿ ಯಾರೂ ಏಳು ಗಂಟೆಯೊಳಗೆ ಮೆಸೇಜ್ ಹಾಕಬಾರದು ಅಂತ ಒಪ್ಪಂದ ಇದೆ.

ಆದರೆ ಸೋತವರು ಹೊರಬೀಳುವ ನಾಕೌಟ್ ಪಂದ್ಯಕ್ಕೆ ಎದ್ದೇಳಿ. 2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಎರಡು ಪಂದ್ಯದ ಗೋಲು ಕೂಡಿಸಿ ಲೆಕ್ಕ. ಮೊದಲನೆಯದರಲ್ಲಿ ಬಾರ್ಸಿಲೋನಾದಲ್ಲಿ 3-0 ಸೋತು ಬಂದಿದ್ದೆವು. ಎರಡನೇ ಪಂದ್ಯಕ್ಕೆ ನಮ್ಮ ಮುಂಚೂಣಿಯ ಸಲಾಹ್ ಇಲ್ಲ, ಫಿರ್ಮಿನೋ ಇಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳೋದು ಬೇಡ ಅಂತ ಮಲಗಿಬಿಟ್ಟೆ. 4-0 ಗೆದ್ದರು. ಅಲೆಕ್ಸಾಂಡರ್-ಆರ್ನಾಲ್ಡ್ ತಟ್ಟನೆ ಹೊಡೆದ ಆ ಕಾರ್ನರ್, ಒರಿಗಿಯ ಗೋಲು, ನೂರು ಸಲ ನೋಡಿದ್ದೇನೆ. ಆ ಹೊತ್ತಿಗೆ ಎಚ್ಚರವಾಗಿ ಇರಲಿಲ್ಲವಲ್ಲ ಅನ್ನೋ ನೋವು ಈಗಲೂ ಇದೆ.

ಮೈಸೂರಿನಿಂದ: ತಮ್ಮಾ, ನಿನ್ನ ಅಪ್ಪ ಕೇಳಿದ ಪ್ರಶ್ನೆ ಸಣ್ಣದಲ್ಲ. ನನಗೂ ಬಹಳ ವರ್ಷ ಉತ್ತರ ಗೊತ್ತಿರಲಿಲ್ಲ.

2014ರ ಏಪ್ರಿಲ್ 27, ಭಾನುವಾರ ಸಂಜೆ. ಚೆಲ್ಸೀ ಮೇಲೆ ಮ್ಯಾಚ್. 24 ವರ್ಷದಿಂದ ಸಿಗದ ಇಂಗ್ಲೆಂಡಿನ ಲೀಗ್ ಪ್ರಶಸ್ತಿ ಕೈಗೆ ಬಂದೇಬಿಟ್ಟಿತು ಅನ್ನುವಾಗ ನಮ್ಮ ನಾಯಕ ಜೆರಾರ್ಡ್ ಕಾಲು ಜಾರಿ ಬಿದ್ದ. ಚೆಲ್ಸೀಯ ಡೆಂಬಾ ಬಾ ಚೆಂಡು ಎತ್ತಿಕೊಂಡು ಹೋಗಿ ಗೋಲು ಹೊಡೆದ. ವಾರದ ನಂತರ ಕ್ರಿಸ್ಟಲ್ ಪ್ಯಾಲೇಸ್ ಮೇಲೆ 3-0 ಮುಂದಿದ್ದು 3-3 ಆಯಿತು. ಎರಡು ದಿನ ಊಟ ಸೇರಲಿಲ್ಲ. ಹೇಳಿಕೊಳ್ಳೋಣ ಅಂದರೆ ಇಡೀ ಬೀದಿಯಲ್ಲಿ ಯಾರಿಗೂ ಅದು ಸುದ್ದಿಯೇ ಅಲ್ಲ. ದೂರದ ಅಭಿಮಾನಿಗೆ ಸೋಲಿಗಿಂತ ಕಷ್ಟ ಅದೇ ಅನಿಸುತ್ತದೆ.

ಆಮೇಲೆ ನಾನು ಸ್ಕೋರು ಬಿಟ್ಟು ಆ ಊರಿನ ಬಗ್ಗೆ ಓದತೊಡಗಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲಿನ ಎಫ್‌ಎ ಕಪ್ ಸೆಮಿಫೈನಲ್ ನೋಡಲು ಹೋದ ಅಭಿಮಾನಿಗಳು ನೂಕುನುಗ್ಗಲಿಗೆ ಸಿಕ್ಕರು. ಸತ್ತವರು 97 ಜನ. ತಪ್ಪು ಅಭಿಮಾನಿಗಳದ್ದೇ ಅಂತ ಪೊಲೀಸರು ಹೇಳಿದರು, ‘ದಿ ಸನ್’ ಪತ್ರಿಕೆಯೂ ಬರೆಯಿತು. ಅದು ಸುಳ್ಳು, ಅಭಿಮಾನಿಗಳ ತಪ್ಪಿಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. 27 ವರ್ಷ ಆ ಮನೆಯವರು ಬಿಡದೆ ಓಡಾಡಿದರು. ಆ ಪತ್ರಿಕೆಯನ್ನು ಲಿವರ್‌ಪೂಲಿನಲ್ಲಿ ಬಹಳ ಜನ ಇವತ್ತಿಗೂ ಮುಟ್ಟುವುದಿಲ್ಲ. ಇದನ್ನು ತಿಳಿದ ಮೇಲೆ ಜೆರ್ಸಿಯ ಕುತ್ತಿಗೆಯ ಹಿಂದಿನ 97 ಅನ್ನೋ ಅಂಕಿಯನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಇನ್ನೊಂದು. 2016ರ ಫೆಬ್ರವರಿಯಲ್ಲಿ ಕೆಲವು ಟಿಕೆಟ್‌ಗಳಿಗೆ 77 ಪೌಂಡ್ ಬೆಲೆ ಇಡಲು ಕ್ಲಬ್ ಹೊರಟಿತ್ತು. ಸಂಡರ್‌ಲ್ಯಾಂಡ್ ಮೇಲೆ ಮ್ಯಾಚ್, ನಾವು 2-0 ಮುಂದೆ. ಸರಿಯಾಗಿ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರಟುಬಿಟ್ಟರು. ಮ್ಯಾಚ್ 2-2 ಆಯಿತು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಆ ಬೆಲೆ ಕೈಬಿಟ್ಟರು. 2021ರಲ್ಲಿ ಹನ್ನೆರಡು ದೊಡ್ಡ ಕ್ಲಬ್‌ಗಳು ಸೂಪರ್ ಲೀಗ್ ಅಂತ ತಮ್ಮದೇ ಬೇರೆ ಟೂರ್ನಿ ಮಾಡಲು ಹೊರಟಾಗಲೂ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಅಲ್ಲಿಯ ಆರೂ ಕ್ಲಬ್‌ಗಳು ಹಿಂದೆ ಸರಿದವು. ಆ ಯೋಜನೆಯ ಲೆಕ್ಕ ನಿಂತಿದ್ದದ್ದು ದೂರದಲ್ಲಿ ಟಿವಿ ನೋಡುವ ನಮ್ಮಂಥವರ ಮೇಲೆ. ಆ ದಿನ ನನಗೆ ಸ್ಪಷ್ಟವಾಯಿತು: ನಾನು ಬರೀ ನೋಡುಗನಾಗಿ ಉಳಿದರೆ ಯಾರದೋ ಲೆಕ್ಕದ ಒಂದು ಸಂಖ್ಯೆ. ಆ ಊರಿನವರ ಪರ ನಿಂತರೆ ಅವರಲ್ಲೊಬ್ಬ.

2020ರ ಜೂನ್ 25ರಂದು, 30 ವರ್ಷದ ನಂತರ ಲೀಗ್ ಬಂತು. ಮ್ಯಾಂಚೆಸ್ಟರ್ ಸಿಟಿ ಚೆಲ್ಸೀಗೆ ಸೋತಿತು, ನಾವು ಆಡದೆಯೇ ಚಾಂಪಿಯನ್. ಕೊರೊನಾ ಕಾಲ, ಮನೆಯಲ್ಲೇ ಒಬ್ಬನೇ ಅತ್ತೆ. ಅವತ್ತು ಒಂಟಿತನ ಅನ್ನಿಸಲಿಲ್ಲ. ಲಿವರ್‌ಪೂಲಿನಲ್ಲೂ ಎಷ್ಟೋ ಜನ ಹಾಗೇ ಮನೆಯೊಳಗೆ ಕೂತಿದ್ದರು ಅಲ್ವಾ.

ಧಾರವಾಡದಿಂದ: ನಮ್ಮ ಅವ್ವನೂ ಹಾಗೇ ಬೈಯುತ್ತಿದ್ದಳು. 2025ರ ಏಪ್ರಿಲ್‌ನಲ್ಲಿ ಲೀಗ್ ಗೆದ್ದಾಗ ಕುಣಿದಿದ್ದೆ. ಜುಲೈ 3ಕ್ಕೆ ನಮ್ಮ ಆಟಗಾರ ಡಿಯೊಗೊ ಜೋಟಾ ಕಾರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂತು, ಅವನ ತಮ್ಮನೂ ಜೊತೆಗೆ. ಮದುವೆಯಾಗಿ ಎರಡು ವಾರ ಕೂಡ ಆಗಿರಲಿಲ್ಲ. ನಾನು ಅಳುತ್ತಾ ಕೂತಿದ್ದೆ. ಅವ್ವ ಬಂದು ಫೋನಿನಲ್ಲಿದ್ದ ಫೋಟೋ ನೋಡಿದಳು. "ಮಕ್ಕಳೆಷ್ಟು ಅವಗ?" ಅಂದಳು. ಮೂರು ಅಂದೆ. ಪಕ್ಕದಲ್ಲೇ ಕೂತಳು. "ನಿನಗ್ಯಾಕ ಬೇಕ ಅದು" ಅಂತ ಆಮೇಲೆ ಕೇಳಿಲ್ಲ.

ಜರ್ಮನಿಯಿಂದ: ನಂದು ಉಲ್ಟಾ ದಿಕ್ಕು. ಬೆಂಗಳೂರು ಬಿಟ್ಟು ಇಲ್ಲಿಗೆ ಬಂದವನು, ಈಗಲೂ ಬೆಂಗಳೂರು ಎಫ್‌ಸಿ ಹಿಂದೆಯೇ. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಗುಂಪಿನ ಜೊತೆ ನಿಂತು ಕೂಗಿದವನಿಗೆ ಲ್ಯಾಪ್‌ಟಾಪಿನ ಮುಂದೆ ಕೂರೋದು ಕಷ್ಟ. ಸಂಜೆ ಏಳೂವರೆಯ ಮ್ಯಾಚ್ ಇಲ್ಲಿ ಚಳಿಗಾಲದ ಮಧ್ಯಾಹ್ನ ಮೂರಕ್ಕೆ, ಆಫೀಸಿನ ನಡುವೆ. 2019ರ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಗೋವಾ ಮೇಲೆ ನಮ್ಮ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದಾಗ ಇಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಇಬ್ಬರೂ ಮಾತಾಡಲಿಲ್ಲ, ಅವನ ಕಡೆಯ ಗಲಾಟೆ ಕೇಳುತ್ತಾ ನಿಂತೆ. ಫೋನ್ ಮಾಡಲು ಒಬ್ಬರನ್ನು ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಆಡುವ ತಂಡ ಇದ್ದರೆ ವರ್ಷಕ್ಕೆ ಒಂದೆರಡು ಸಲ ಹೋಗಿ ನೋಡಿ. ಮೈದಾನದ ಸದ್ದು ಕಿವಿಯಲ್ಲಿದ್ದರೆ ಟಿವಿಯ ಮ್ಯಾಚ್ ಕೂಡ ಬೇರೆಯೇ ಆಗಿ ಕೇಳುತ್ತದೆ.

ದಾವಣಗೆರೆಯಿಂದ, ಮತ್ತೆ: ಎಲ್ಲರಿಗೂ ಧನ್ಯವಾದ. ಮೈಸೂರಿನ ಅಣ್ಣ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. 77ನೇ ನಿಮಿಷದ ಕತೆಯನ್ನು ಎರಡು ಸಲ ಕೇಳಿದರು. ದಾವಣಗೆರೆ, ಹರಿಹರ ಕಡೆ ಯಾರಾದರೂ ಲಿವರ್‌ಪೂಲ್‌ನವರು ಇದ್ದೀರಾ? ಶನಿವಾರ ಸಂಜೆಯ ಮ್ಯಾಚಿಗೆ ನಮ್ಮ ಮನೆಗೆ ಬನ್ನಿ. ಮೆಣಸಿನಕಾಯಿ ಮಂಡಕ್ಕಿ ನಮ್ಮ ಕಡೆಯಿಂದ.