ಬೋರ್ ನೀರಿಗೆ ಬ್ಲೀಚಿಂಗ್ ಹಾಕಿದ್ಮೇಲೆ ಪೂಲ್ ತಳ ಎಲ್ಲಾ ಕಂದು ಕಲೆ, ಏನ್ ಮಾಡೋದು?

ಕಾಫಿತೋಟ_ಹೋಂಸ್ಟೇ:
ನಮಸ್ಕಾರ ಎಲ್ರಿಗೂ. ಸಕಲೇಶಪುರದ ಹತ್ರ ನಮ್ದೊಂದು ಚಿಕ್ಕ ಹೋಂಸ್ಟೇ ಇದೆ, ಪೂಲ್ 25 ಅಡಿ ಉದ್ದ 12 ಅಡಿ ಅಗಲ, ಆಳ ಒಂದ್ ಕಡೆ ಮೂರೂವರೆ ಇನ್ನೊಂದ್ ಕಡೆ ಐದೂವರೆ ಅಡಿ, ಒಳಗೆ ಗ್ಲಾಸ್ ಮೊಸಾಯಿಕ್ ಟೈಲ್ಸು, ಸಂದಿಗೆಲ್ಲ ಬಿಳಿ ಗ್ರೌಟು (ಸಂದಿ ತುಂಬೋ ಸಿಮೆಂಟು). ಮಳೆಗಾಲದಲ್ಲಿ ಗೆಸ್ಟ್ ಕಮ್ಮಿ ಅಂತ ಅರ್ಧ ನೀರು ಬಿಟ್ಟು ಪಂಪ್ ಆಫ್ ಮಾಡಿದ್ವಿ, ದಸರಾ ರಜೆಗೆ ಬುಕಿಂಗ್ ಬಂತು ಅಂತ ಮೇಲಿನರ್ಧ ಬೋರ್ ನೀರು ತುಂಬಿಸಿ ಬ್ಲೀಚಿಂಗ್ ಪೌಡರ್ ಚೆನ್ನಾಗೇ ಹಾಕ್ದೆ. ತುಂಬಿಸ್ದಾಗ ನೀರು ಕನ್ನಡಿ ಥರ ಇತ್ತು, ಬೆಳಗ್ಗೆ ಎದ್ದು ನೋಡಿದ್ರೆ ಫಿಲ್ಟರ್ ಕಾಫಿ ಡಿಕಾಕ್ಷನ್! ಎರಡು ದಿನ ಬಿಟ್ಟು ನೀರು ಸ್ವಲ್ಪ ತಿಳಿ ಆಯ್ತು ಆದ್ರೆ ತಳ, ಮೆಟ್ಟಿಲು, ಗ್ರೌಟು ಎಲ್ಲಾ ಕಂದು. ಬ್ರಷ್ ಹಾಕಿ ಉಜ್ಜಿದ್ರೂ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ. ಪೂಲ್ ನೋಡ್ಕೊಳ್ಳೋ ಹುಡುಗ ಇನ್ನೆರಡು ಕೆಜಿ ಬ್ಲೀಚಿಂಗ್ ಹಾಕಣ ಅಂತಿದಾನೆ. ಹಾಕ್ಲಾ?

ಪಂಪ್‌ರೂಮ್:
ಬೇಡ ಸರ್, ಒಂದ್ ಚಮಚಾನೂ ಬೇಡ. ಅದು ಕೊಳೆ ಅಲ್ಲ, ಕಬ್ಬಿಣ. ಬೋರ್ ನೀರಲ್ಲಿ ಕಬ್ಬಿಣ ಕರಗಿರೋವಾಗ ಕಣ್ಣಿಗೆ ಕಾಣಲ್ಲ, ಬ್ಲೀಚಿಂಗಲ್ಲಿರೋ ಕ್ಲೋರಿನ್ ಬಿದ್ದ ತಕ್ಷಣ ಅದು ತುಕ್ಕಾಗಿ ಕೂರುತ್ತೆ. ನೀವು ಹಾಕಿದಷ್ಟೂ ತುಕ್ಕು ಜಾಸ್ತಿ ಅಷ್ಟೇ. ಒಂದು ವಿಟಮಿನ್ ಸಿ ಮಾತ್ರೆ ತಗೊಂಡು (ಮೆಡಿಕಲ್ ಶಾಪಲ್ಲಿ ಸಿಗೋ ಚೀಪೋ ಮಾತ್ರೆನೇ ಸಾಕು) ಮೆಟ್ಟಿಲ ಮೇಲಿನ ಕಲೆ ಮೇಲೆ ಅರ್ಧ ನಿಮಿಷ ಒತ್ತಿ ಹಿಡೀರಿ. ಅಲ್ಲಿ ಬೆಳ್ಳಗಾದ್ರೆ ಕಬ್ಬಿಣ ಅಂತ ಗ್ಯಾರಂಟಿ. ಆಮೇಲೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಎಷ್ಟು, ಆಲ್ಕಲಿನಿಟಿ (ಪಿಎಚ್ ಏರಿಳಿಯದ ಹಂಗೆ ತಡೆಯೋ ಗುಣ) ಎಷ್ಟು, ಕ್ಲೋರಿನ್ ಎಷ್ಟು ಅಂತ ಕಿಟ್‌ನಲ್ಲಿ ನೋಡಿ ಇಲ್ಲಿ ಹಾಕಿ. ನಂಬರ್ ಇಲ್ದೆ ಪೂಲಿಗೆ ಏನೂ ಸುರೀಬಾರ್ದು, ನಮ್ಮಲ್ಲಿ ಮುಕ್ಕಾಲು ಪೂಲ್ ಹಾಳಾಗೋದೇ ಹಿಂಗೆ, ಕೈ ಅಳತೆ ಅಂದಾಜು.

ಮೂಡಿಗೆರೆ_ಗೌಡ:
ಏನಿಲ್ಲ ಗುರು, ನೀರೆಲ್ಲ ಖಾಲಿ ಮಾಡಿ ಬಾತ್ರೂಮ್ ಆಸಿಡ್ ಹಾಕಿ ತೊಳೆದು ಬಿಡಿ, ಅರ್ಧ ದಿನದ ಕೆಲ್ಸ, ನಾನು ಹಂಗೇ ಮಾಡಿದ್ದು.

ಪಂಪ್‌ರೂಮ್:
ಗೌಡ್ರೆ ಬೇಡಿ. ಆಸಿಡ್ ಕಲೆ ಜೊತೆ ಗ್ರೌಟನ್ನೂ ತಿನ್ನುತ್ತೆ, ಒರಟಾದ ಗ್ರೌಟಲ್ಲಿ ಮುಂದಿನ್ ಸಲ ಕಲೆ ಇನ್ನೂ ಗಟ್ಟಿ ಕೂರುತ್ತೆ. ಅಲ್ದೆ ಮಳೆ ಮುಗಿದ ಹೊಸದು, ಮಲ್ನಾಡಲ್ಲಿ ಈಗ ನೆಲದೊಳಗೆ ನೀರು ಮೇಲೇ ಇರುತ್ತೆ, ಪೂಲ್ ಪೂರ್ತಿ ಖಾಲಿ ಮಾಡಿದ್ರೆ ಕೆಳಗಿಂದ ಒತ್ತಡಕ್ಕೆ ತಳ ಬಿರುಕು ಬಿಡ್ಬಹುದು, ಇಡೀ ತೊಟ್ಟಿನೇ ಮೇಲೆದ್ದಿರೋದೂ ಉಂಟು. ಮತ್ತೆ ಬ್ಲೀಚಿಂಗ್ ಬಿದ್ದಿರೋ ಜಾಗಕ್ಕೆ ಆಸಿಡ್ ಬಿದ್ರೆ ಬರೋದು ಕ್ಲೋರಿನ್ ಗ್ಯಾಸು, ಹಳ್ಳದೊಳಗೆ ನಿಂತ್ಕೊಂಡಿರೋ ಹುಡುಗನ ಗತಿ ಏನು?

ಕಾಫಿತೋಟ_ಹೋಂಸ್ಟೇ:
ಮಾತ್ರೆ ಹಿಡಿದೆ ಸರ್. ಮೆಟ್ಟಿಲ ಮೇಲೆ ಮ್ಯಾಜಿಕ್ ಥರ ಬೆಳ್ಳಗಾಯ್ತು! ಆದ್ರೆ ಆಳದ ಕಡೆ ನೀರು ಒಳಗೆ ಬರೋ ಬಾಯಿ ಹತ್ರ ನೀಲಿಗಪ್ಪು ಥರದ ಕಲೆ ಇದೆ, ಅಲ್ಲಿ ಏನೂ ಆಗ್ಲಿಲ್ಲ. ಪಿಎಚ್ 6.8, ಆಲ್ಕಲಿನಿಟಿ 40, ಕ್ಲೋರಿನ್ ಈಗ 1 ಇದೆ.

ಕುಡ್ಲದ_ಮೀನು:
ನೀಲಿಗಪ್ಪು ಅಂದ್ರೆ ತಾಮ್ರ ಮಾರಾಯ್ರೆ. ನಿಜ ಹೇಳಿ, ಪಾಚಿಗೆ ಅಂತ ಮೈಲುತುತ್ತ ಹಾಕಿದ್ರಾ?

ಕಾಫಿತೋಟ_ಹೋಂಸ್ಟೇ:
ಹಾಕಿದ್ವಿ 😅 ಜುಲೈಲಿ ನೀರು ಹಸಿರಾಗಿತ್ತು, ತೋಟಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡಿಯೋಕೆ ತಂದಿದ್ರಲ್ಲಿ ಅರ್ಧ ಕೆಜಿ ಉಳಿದಿತ್ತು, ಅಪ್ಪ ಹಾಕಿ ಅಂದ್ರು. ಆಮೇಲೆ ಕೆಸರು ಕೂರ್ಲಿ ಅಂತ ಪಟಿಕಾನೂ ಹಾಕಿದ್ವಿ.

ಪಂಪ್‌ರೂಮ್:
ಈಗ ಕಥೆ ಪೂರ್ತಿ ಆಯ್ತು ನೋಡಿ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ, ಅರ್ಧ ಕೆಜಿಗೆ 125 ಗ್ರಾಂ. ನಿಮ್ಮ ಪೂಲ್ ಲೆಕ್ಕ ಹಾಕಿದ್ರೆ ಸುಮಾರು 38 ಸಾವಿರ ಲೀಟರ್, ಅಂದ್ರೆ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ) ಮೇಲೆ, 0.3 ದಾಟಿದ್ರೇ ಕಲೆ ಭಯ. ಪಟಿಕ ಪಿಎಚ್ಚನ್ನೂ ಆಲ್ಕಲಿನಿಟಿನೂ ಇಳಿಸ್ತು, ಪಿಎಚ್ ಕಮ್ಮಿ ಇದ್ದಾಗ ತಾಮ್ರ ಕರಗೇ ಇರುತ್ತೆ, ಅದ್ರ ಮೇಲೆ ನೀವು ಬ್ಲೀಚಿಂಗ್ ಸುರಿದ್ರಿ, ಬ್ಲೀಚಿಂಗಲ್ಲಿ ಸುಣ್ಣ ಇರೋದ್ರಿಂದ ಪಿಎಚ್ ಏರುತ್ತೆ, ತಾಮ್ರ ಹೋಗಿ ಗೋಡೆಗೆ ಅಂಟ್ಕೊಳ್ತು.

ಹಂಗಾಗಿ ಮೊದ್ಲು ಅರ್ಧ ನೀರು ಹೊರಗೆ ಹಾಕಿ, ಅರ್ಧ ಮಾತ್ರ. ಮತ್ತೆ ಬೋರ್ ನೀರು ನೇರ ಬಿಡ್ಬೇಡಿ. ಬೇರೆ ಟ್ಯಾಂಕಲ್ಲಿ ಬಿಟ್ಟು ಅಲ್ಲೇ ಸ್ವಲ್ಪ ಬ್ಲೀಚಿಂಗ್ ಹಾಕಿ, ಒಂದ್ ರಾತ್ರಿ ತುಕ್ಕು ಕೂರ್ಲಿ, ಮೇಲಿನ ತಿಳಿನೀರು ಮಾತ್ರ ಪೂಲಿಗೆ. ಆಮೇಲೆ ಕ್ಲೋರಿನ್ ಸೊನ್ನೆ ಆಗೋವರೆಗೂ ಕಾಯಿರಿ, ಇಲ್ದಿದ್ರೆ ಮುಂದೆ ಹಾಕೋ ವಿಟಮಿನ್ ಸಿ ಎಲ್ಲಾ ಕ್ಲೋರಿನ್ ಹೊಡಿಯೋಕೇ ಖರ್ಚಾಗುತ್ತೆ. ಸೊನ್ನೆ ಆದ್ಮೇಲೆ ಆಸ್ಕಾರ್ಬಿಕ್ ಆಸಿಡ್ ಪುಡಿ (ವಿಟಮಿನ್ ಸಿ ಅಂದ್ರೆ ಇದೇ) ಸುಮಾರು 450 ಗ್ರಾಂ ಕಲೆ ಇರೋ ಕಡೆ ಉದುರಿಸಿ, ಪಂಪ್ ಓಡ್ಲಿ, ಕಂದು ಕಲೆ ಒಂದೆರಡು ಗಂಟೆಲೇ ಹೋಗ್ಬೇಕು. ಹೋಗಿದ್ದು ನೀರಿಗೇ ಹೋಗಿರುತ್ತೆ, ಹಾಗಾಗಿ ಅವತ್ತೇ ಮೆಟಲ್ ಸೀಕ್ವೆಸ್ಟ್ರೆಂಟ್ ಹಾಕಲೇಬೇಕು, ಅದು ಲೋಹನ ಹಿಡ್ಕೊಂಡು ಕೂರೋಕೆ ಬಿಡಲ್ಲ. ಇದನ್ನ ಬಿಟ್ರೆ ಮುಂದಿನ ವಾರ ಇದೇ ಥ್ರೆಡ್ಡಿಗೆ ವಾಪಸ್ ಬರ್ತೀರ. ಕ್ಲೋರಿನ್ ಇಲ್ಲದ ದಿನ ಯಾರನ್ನೂ ಇಳಿಸ್ಬೇಡಿ.

ಮೂರ್ನಾಲ್ಕು ದಿನ ಬಿಟ್ಟು ಲಿಕ್ವಿಡ್ ಕ್ಲೋರಿನ್ ದಿನಾ ಸ್ವಲ್ಪ ಸ್ವಲ್ಪ ಹಾಕಿ 1 ರಿಂದ 3 ಕ್ಕೆ ತನ್ನಿ, ಒಂದೇ ಸಲ ಸುರೀಬೇಡಿ. ಆಲ್ಕಲಿನಿಟಿ 80 ಕ್ಕೆ ತರೋಕೆ ಅಡುಗೆ ಸೋಡಾ ಒಟ್ಟು ಎರಡೂವರೆ ಕೆಜಿ ಬೇಕಾಗುತ್ತೆ, ಅದನ್ನೂ ಕಂತಲ್ಲಿ, ಹಾಕೋ ಮುಂಚೆ ಮತ್ತೆ ಟೆಸ್ಟ್ ಮಾಡಿ. ಪಿಎಚ್ 7.2 ಹತ್ರ ನಿಲ್ಲಿಸಿ, 7.6 ದಾಟಿಸ್ಬೇಡಿ.

ಕುಡ್ಲದ_ಮೀನು:
ನಮ್ಮ ಕಡೆ ಕೆಂಪುಕಲ್ಲಿನ ಬೋರ್, ಇದು ನಮಗೆ ದಿನನಿತ್ಯದ ಗೋಳು. ಒಂದು ಉಪಾಯ ಹೇಳ್ತೇನೆ, ದಿಂಬಿನೊಳಗಿನ ಪಾಲಿಯೆಸ್ಟರ್ ಹತ್ತಿ ಸ್ವಲ್ಪ ಸ್ಕಿಮ್ಮರ್ ಬುಟ್ಟಿಗೆ (ನೀರಿನ ಮೇಲಿನ ಕಸ ಹಿಡಿಯುವ ಬುಟ್ಟಿ) ಹಾಕಿ ಇಡಿ, ತೇಲಾಡುವ ತುಕ್ಕೆಲ್ಲ ಅಲ್ಲೇ ಸಿಕ್ಕಿ ಬೀಳ್ತದೆ, ಸಂಜೆಗೆ ನೋಡಿದ್ರೆ ಕಿತ್ತಳೆ ಬಣ್ಣ. ನೀಲಿಗಪ್ಪು ಕಲೆಗೆ ಡ್ರೈ ಆಸಿಡ್ ಪುಡಿಯನ್ನ (ಪೂಲಿನ ಪಿಎಚ್ ಇಳಿಸುವ ಸೋಡಿಯಂ ಬೈಸಲ್ಫೇಟ್) ಹಳೇ ಸಾಕ್ಸಲ್ಲಿ ಕಟ್ಟಿ ಕಲೆ ಮೇಲೆ ಒಂದೆರಡು ನಿಮಿಷ ಇಟ್ಟು ನೋಡಿ, ಕೈಗೆ ಗ್ಲೌಸ್ ಹಾಕಿಯೇ. ಹೆಚ್ಚು ಹೊತ್ತು ಇಟ್ರೆ ಗ್ರೌಟ್ ಹೋಗ್ತದೆ.

ಕಾಫಿತೋಟ_ಹೋಂಸ್ಟೇ:
ಕಂದು ಕಲೆ ಪೂರ್ತಿ ಹೋಯ್ತು ಸರ್, ಹಿಂದಿನ ದಿನ ಹಾಕಿದ ಹತ್ತಿ ಇಟ್ಟಿಗೆ ಕಲರ್ ಆಗಿದೆ. ನೀಲಿ ಕಲೆ ಸಾಕ್ಸಿಗೆ ಮುಕ್ಕಾಲು ಹೋಗಿದೆ, ಉಳಿದಿದ್ದು ಇರ್ಲಿ ಬಿಡಿ. ಬುಕಿಂಗ್ ಒಂದು ಕ್ಯಾನ್ಸಲ್ ಆಯ್ತು ಅಷ್ಟೇ. ಮುಂಚೆ ತೆಗೆದ ಅರ್ಧ ನೀರು ಇನ್ನೂ ಹಳೇ ಟ್ಯಾಂಕಲ್ಲೇ ಇದೆ, ಕೆಳಗಿನ ಹಳ್ಳಕ್ಕೆ ಬಿಡ್ಲಾ?

ಪಂಪ್‌ರೂಮ್:
ಹಳ್ಳಕ್ಕೆ ಬೇಡವೇ ಬೇಡ, ಅಷ್ಟು ತಾಮ್ರಕ್ಕೆ ಮೀನು ಉಳಿಯಲ್ಲ. ಬಾವಿ, ಹಳ್ಳದಿಂದ ದೂರ ಖಾಲಿ ಜಾಗದಲ್ಲಿ ನಿಧಾನಕ್ಕೆ ಇಂಗಿಸಿ. ಉಳಿದಿರೋ ಮೈಲುತುತ್ತ ಇದ್ರೆ ಅದನ್ನ ಪಂಪ್ ರೂಮಿಂದ ಆಚೆ ಇಡಿ, ಅಪ್ಪನ ಕೈಗೆ ಸಿಗದ ಹಂಗೆ 🙂